ಕಡಿಮೆ ತೋರಿಸುವ ಶಿಬಿರ

ಬೇಸಿಗೆ ರಜೆ ಬಂತೆಂದರೆ ಗೋಡೆಗೋಡೆಗೂ ಶಿಬಿರದ ಪೋಸ್ಟರು. ಕರಾಟೆ, ಅಬಾಕಸ್, ಡ್ಯಾನ್ಸ್‌ಗಳ ನಡುವೆ ಎಲ್ಲಾದರೂ ‘ಪ್ರಕೃತಿ ಶಿಬಿರ’ ಎಂದು ಕಂಡರೆ ನಾನು ನಿಂತು ಓದುತ್ತೇನೆ. ಅದರಲ್ಲಿ ಹುಲಿಯ ಚಿತ್ರವಿದ್ದರೆ ಮುಂದಕ್ಕೆ ಹೆಜ್ಜೆ ಹಾಕುತ್ತೇನೆ. ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಬಯಲಲ್ಲಿ ಹುಲಿಗೇನು ಕೆಲಸ? ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಕಾಣುವ ಈ ಸೀಮೆಯಲ್ಲಿ ಇರುವುದೇ ಬೇರೆ. ಅದನ್ನು ಸರಿಯಾಗಿ ನೋಡಲು ಒಂದು ವಾರವೂ ಸಾಲದು.

ಹಿಂದೂಪುರದಲ್ಲಿ ಶಿಬಿರ ಮಾಡುವವರಿಗೆ ನನ್ನ ಮೊದಲ ಸಲಹೆ: ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಹೋಗಿ, ಮಾರನೆಯ ದಿನವೂ ಅಲ್ಲಿಗೇ ಹೋಗಿ. ಊರೊಳಗಿನ ಹುಣಸೆ ಮರಗಳಲ್ಲಿ, ಮನೆಗಳ ನೆತ್ತಿಯ ಮೇಲೆಯೇ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಾಗೆ ಇಲ್ಲಿಯೂ ಊರವರೇ ಕಾವಲು. ಹಕ್ಕಿ ಬಂದರೆ ಮಳೆ ಬೆಳೆ ಎಂಬ ನಂಬಿಕೆ. ಇವು ಸೈಬೀರಿಯಾದಿಂದ ಬರುತ್ತವೆ ಎಂದು ಪತ್ರಿಕೆಗಳೂ ಬರೆಯುತ್ತವೆ, ಮೇಷ್ಟ್ರುಗಳೂ ಹೇಳುತ್ತಾರೆ. ಶಿಬಿರದಲ್ಲಿ ದಯವಿಟ್ಟು ಇದನ್ನು ಹೇಳಬೇಡಿ. ಬಣ್ಣದ ಕೊಕ್ಕರೆ ನಮ್ಮ ದೇಶದ್ದೇ ಹಕ್ಕಿ. ನೀರು, ಮೀನು ನೋಡಿಕೊಂಡು ಕೆರೆಯಿಂದ ಕೆರೆಗೆ ತಿರುಗುವಂಥದ್ದು. ದೂರದಿಂದ ಬಂದದ್ದಕ್ಕಷ್ಟೇ ಬೆಲೆ ಎಂದು ಮಕ್ಕಳಿಗೆ ನಾವೇ ಯಾಕೆ ಕಲಿಸಬೇಕು?

ಮರದಡಿ ನಿಂತರೆ ಮೊದಲು ಎದುರಾಗುವುದು ನಾತ. ಹಿಕ್ಕೆ, ಗೂಡಿನಿಂದ ಬಿದ್ದು ಕೊಳೆತ ಮೀನು. ಮಕ್ಕಳು ಮೂಗು ಮುಚ್ಚಿಕೊಳ್ಳಲಿ, ಆಮೇಲೆ ಮರೆಯುತ್ತಾರೆ. ಬಿಸಿಲೇರಿದಾಗ ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುವುದನ್ನು ಒಮ್ಮೆ ಕಂಡ ಹುಡುಗನನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಕೆರೆಯಂಚಿನಲ್ಲಿ ಇನ್ನೊಂದು ಆಟ: ಕೊಕ್ಕರೆ ಮೀನನ್ನು ಕಣ್ಣಿಂದ ಹುಡುಕುವುದಿಲ್ಲ. ಅರೆ ತೆರೆದ ಕೊಕ್ಕನ್ನು ನೀರಲ್ಲಿಟ್ಟು ಆಚೀಚೆ ಆಡಿಸುತ್ತಾ, ಕಾಲಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಮೀನು ತಾಕಿದ್ದೇ ತಡ, ಕೊಕ್ಕು ಮುಚ್ಚುತ್ತದೆ.

ಹಕ್ಕಿಗಿಂತ ನನಗೆ ಹುಳುವಿನ ಮೇಲೆ ಆಸೆ ಜಾಸ್ತಿ. ಭರಣಿ ಮಳೆ ಬಿದ್ದ ಮರುದಿನ ದನ ಮೇಯುವ ಗೋಮಾಳದಲ್ಲಿ ಸಗಣಿ ಹುಳು ಉಂಡೆ ಉರುಳಿಸುತ್ತಿದ್ದರೆ ಅದೇ ಆ ದಿನದ ಪಾಠ. ಹುಳು ನಡುನಡುವೆ ಉಂಡೆಯ ಮೇಲೆ ಹತ್ತಿ ಒಂದು ಸುತ್ತು ತಿರುಗುತ್ತದೆ, ಸೂರ್ಯನನ್ನು ನೋಡಿ ದಿಕ್ಕು ಗುರುತು ಮಾಡಿಕೊಳ್ಳುತ್ತದೆ, ಇಳಿದು ನೇರ ದೂಡುತ್ತದೆ. ಒಬ್ಬ ಹುಡುಗ ರಟ್ಟು ಹಿಡಿದು ಬಿಸಿಲು ಮರೆಮಾಡಲಿ, ಇನ್ನೊಬ್ಬಳು ಎದುರು ದಿಕ್ಕಿನಿಂದ ಕನ್ನಡಿಯಲ್ಲಿ ಬಿಸಿಲು ಬಿಡಲಿ. ಹುಳು ದಾರಿ ಬದಲಿಸಿತೇ ನೋಡಿ. ಆಫ್ರಿಕಾದ ಇವುಗಳ ನೆಂಟರು ರಾತ್ರಿ ಹೊತ್ತು ಆಕಾಶಗಂಗೆಯ ಬೆಳಕಲ್ಲೇ ದಾರಿ ಹಿಡಿಯುತ್ತವೆಂದು 2013ರಲ್ಲಿ ಸ್ವೀಡನ್ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ತೋರಿಸಿದರು. ಅದಕ್ಕಾಗಿ ಅವರು ಹುಳುಗಳ ತಲೆಗೆ ಪುಟ್ಟ ರಟ್ಟಿನ ಟೋಪಿ ಹಾಕಿದ್ದರು! ಇದನ್ನು ಕೇಳಿ ನಗದ ಮಗುವನ್ನು ನಾನು ಕಂಡಿಲ್ಲ.

ಕಲ್ಯಾಣದುರ್ಗದ ಕಡೆ ಬಂಡೆಗುಡ್ಡಗಳಲ್ಲಿ ಕರಡಿ ಇದೆ. ಕರಡಿ ತೋರಿಸುತ್ತೇವೆ ಎನ್ನುವ ಶಿಬಿರಕ್ಕೆ ಮಾತ್ರ ಮಕ್ಕಳನ್ನು ಕಳಿಸಬೇಡಿ. ಗುಡ್ಡದ ಪಕ್ಕದ ಊರವರು ಹೊತ್ತು ಮುಳುಗಿದ ಮೇಲೆ ಅತ್ತ ಹೋಗಲು ಹೆದರುವುದು ಸುಮ್ಮನೆ ಅಲ್ಲ. ಅರಣ್ಯ ಇಲಾಖೆಯವರ ಜೊತೆ, ಹಾಡಹಗಲಲ್ಲಿ, ಗುಡ್ಡದ ತಪ್ಪಲಿನಲ್ಲಿ ಒಡೆದ ಹುತ್ತ ತೋರಿಸಿದರೆ ಸಾಕು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲಿಲ್ಲ. ಆ ಸಂದಿಯಿಂದಲೇ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಮಕ್ಕಳು ಇದನ್ನು ಅಭಿನಯಿಸಿ ತೋರಿಸದೆ ಬಿಡುವುದಿಲ್ಲ, ಬಿಡಿ.

ಕೊನೆಯ ದಿನಕ್ಕೆ ಗಡಿಯಾಚೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, ಘೋಷಣೆಯಾದದ್ದು 2007ರಲ್ಲಿ. ಆಂಧ್ರದ ರಾಜ್ಯಪ್ರಾಣಿಯನ್ನು ನೋಡಲು ಹಿಂದೂಪುರದ ಮಕ್ಕಳು ಕರ್ನಾಟಕಕ್ಕೆ ಹೋಗುವುದು ಒಂದು ಚೋದ್ಯ. ಗಂಡು ಜಿಂಕೆ ದಿನವೂ ಬಂದು ಹಿಕ್ಕೆ ಹಾಕಿ ತನ್ನ ಸರಹದ್ದು ಸಾರುವ ಗುಡ್ಡೆಗಳ ಸುತ್ತ ಮಕ್ಕಳನ್ನು ಕೂರಿಸಿ. ಅಲ್ಲಿ ರೈತರ ಮನೆಯ ಹುಡುಗನೊಬ್ಬ ಇದ್ದೇ ಇರುತ್ತಾನೆ: ‘ಇವು ನಮ್ಮ ಹೊಲದ ಕಡ್ಲೆಕಾಯಿ ಮೇಯ್ತವೆ ಸಾರ್, ಹೊಡೆದ್ರೆ ಕೇಸು.’ ಪೇಟೆಯ ಹುಡುಗಿ ಜಿಂಕೆಯ ಪರ ನಿಲ್ಲುತ್ತಾಳೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಬೆಳೆ ಪರಿಹಾರ, ಬೇಲಿ, ಸಾಲ ಎಲ್ಲ ಮಾತಿಗೆ ಬರುತ್ತವೆ. ಆಗ ಊಟದ ಸೀಟಿ ಊದಬೇಡಿ; ಮೊಸರನ್ನ ಇನ್ನರ್ಧ ಗಂಟೆ ಕಾದರೆ ಹುಳಿಯಾಗುವುದಿಲ್ಲ.