ಟೈಗರ್ ಟ್ಯಾಂಕ್: ತೂಕವೇ ತೊಡಕಾದಾಗ

ಡಂಬಳದ ಎರೆಹೊಲಕ್ಕೆ ದೊಡ್ಡ ಮಳೆ ಬಿದ್ದ ಮರುದಿನ ರೈತರು ಟ್ರ್ಯಾಕ್ಟರ್ ಇಳಿಸುವುದಿಲ್ಲ, ಗಾಲಿ ಹೂತುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಭಾರಿ ಟ್ಯಾಂಕ್ 'ಟೈಗರ್-1' ಎದುರಿಸಿದ್ದೂ ಇದೇ ಸಮಸ್ಯೆಯನ್ನು.

ಅದರ ಮುಂಭಾಗದ ಉಕ್ಕಿನ ಕವಚ 100 ಮಿ.ಮೀ. ದಪ್ಪ, ತೋಪು 88 ಮಿ.ಮೀ. ದೂರದಿಂದಲೇ ಶತ್ರು ಟ್ಯಾಂಕನ್ನು ಭೇದಿಸುತ್ತಿತ್ತು, ನಿಜ. ಆದರೆ ತೂಕ 57 ಟನ್. ಒಂದೊಂದು ಸರಪಳಿಪಟ್ಟಿಯ ಅಗಲ 72.5 ಸೆಂ.ಮೀ., ನೆಲ ಮುಟ್ಟುವ ಉದ್ದ ಸುಮಾರು 360 ಸೆಂ.ಮೀ. ಎರಡೂ ಸೇರಿ ಕ್ಷೇತ್ರಫಲ 52,200 ಚ.ಸೆಂ.ಮೀ. ಅಂದರೆ ಪ್ರತಿ ಚ.ಸೆಂ.ಮೀ. ನೆಲದ ಮೇಲೆ ಸುಮಾರು 1.1 ಕೆ.ಜಿ. ಭಾರ. ರಷ್ಯದ ಟಿ-34ರಲ್ಲಿ ಇದು ಸುಮಾರು 0.7. 1942ರಲ್ಲಿ ಲೆನಿನ್‌ಗ್ರಾಡ್ ಬಳಿಯ ಜೌಗು ನೆಲದಲ್ಲಿ ಟೈಗರ್‌ನ ಮೊದಲ ಕಾರ್ಯಾಚರಣೆಯೇ ಎಡವಿತು.

ಒಂದು ಪರಿಹಾರ ಇನ್ನೊಂದು ತೊಡಕನ್ನು ತಂದಿತು. ಅಗಲ ಪಟ್ಟಿ ರೈಲು ವ್ಯಾಗನ್ನಿನ ಮಿತಿ ಮೀರಿತು. ಪ್ರಯಾಣಕ್ಕೆ 52 ಸೆಂ.ಮೀ. ಪಟ್ಟಿ ತೊಡಿಸಬೇಕಾಯಿತು. ಭಾರ ಹಂಚಲೆಂದು ಒಂದರ ಸಂದಿಯಲ್ಲೊಂದು ಜೋಡಿಸಿದ ಗಾಲಿಗಳ ನಡುವೆ ಚಳಿಗಾಲದಲ್ಲಿ ಕೆಸರು ಹೆಪ್ಪುಗಟ್ಟುತ್ತಿತ್ತು. ಒಳಗಾಲಿ ಕೆಟ್ಟರೆ ಹೊರಗಾಲಿಗಳನ್ನೂ ಕಳಚಬೇಕು. 700 ಅಶ್ವಶಕ್ತಿಯ ಎಂಜಿನ್ ಇದ್ದರೂ ಟನ್ನಿಗೆ ದೊರೆತದ್ದು 12 ಮಾತ್ರ. ಟಿ-34ರಲ್ಲಿ 16ಕ್ಕೂ ಹೆಚ್ಚು. ತಯಾರಾದ ಟೈಗರ್‌ಗಳು ಸುಮಾರು 1,350.

ದೋಷ ಯಾವುದೋ ಒಂದು ಭಾಗದ್ದಲ್ಲ. ಗಾತ್ರ ಹಿಗ್ಗಿದಂತೆ ತೂಕ ಉದ್ದಳತೆಯ ಘನಕ್ಕೆ ಅನುಗುಣವಾಗಿ ಏರುತ್ತದೆ. ನೆಲ ಮುಟ್ಟುವ ಕ್ಷೇತ್ರ ವರ್ಗಕ್ಕೆ ಅನುಗುಣವಾಗಿ ಮಾತ್ರ. ನಮ್ಮ ಅರ್ಜುನ್ ಎಂಕೆ-1ಎ 68 ಟನ್; ಲಡಾಖಿನಂಥ ಎತ್ತರದ ಪ್ರದೇಶಕ್ಕೆಂದು 2024ರಲ್ಲಿ ಅನಾವರಣಗೊಂಡ 'ಜೋರಾವರ್' 25 ಟನ್. ವಿದ್ಯಾರ್ಥಿಗಳು ತಮ್ಮೂರಿನ ಟ್ರ್ಯಾಕ್ಟರಿನ ತೂಕ ಕೇಳಿಕೊಂಡು, ಗಾಲಿಗಳು ನೆಲ ಮುಟ್ಟುವ ಕ್ಷೇತ್ರ ಅಳೆದು, ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.