ನಕ್ಷೆಯಲ್ಲಿ ಇಲ್ಲದ ಬೇಸಿಗೆ

ನಕ್ಷೆಯನ್ನು ನಾವು ಊರು, ದಾರಿ ಹುಡುಕಲು ನೋಡುತ್ತೇವೆಯೇ ಹೊರತು ಒಂದು ಬರಹವೆಂದು ಓದುವುದು ಕಡಿಮೆ. ಫ್ರಾನ್ಸಿನ ನಿವೃತ್ತ ಎಂಜಿನಿಯರ್ ಶಾರ್ಲ್ ಜೋಸೆಫ್ ಮಿನಾರ್ 1869ರಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ ಪ್ರಕಟಿಸಿದ ನಕ್ಷೆಯೊಂದು ಮಾತ್ರ ಕಥೆಯಂತೆ ಓದಿಸಿಕೊಳ್ಳುತ್ತದೆ. 1812ರಲ್ಲಿ ರಷ್ಯಕ್ಕೆ ನುಗ್ಗಿದ ನೆಪೋಲಿಯನ್ನನ ಸೇನೆಯ ಕಥೆ ಅದು.

ನೀಮನ್ ನದಿಯ ಬಳಿ ಹೊರಟವರು 4,22,000. ಮಾಸ್ಕೋ ಮುಟ್ಟಿದವರು 1,00,000. ಮರಳಿ ನೀಮನ್ ತಲುಪಿದವರು 10,000. ಹತ್ತು ಸಾವಿರ ಮಂದಿಗೆ ಒಂದು ಮಿಲಿಮೀಟರ್ ದಪ್ಪ ಎಂಬ ಲೆಕ್ಕದಲ್ಲಿ ಎಳೆದ ಪಟ್ಟಿ. ಹೋಗುವಾಗ ಕಂದು, ಬರುವಾಗ ಕಪ್ಪು. ದಪ್ಪ ಸಂಖ್ಯೆಯನ್ನೂ, ಜಾಡು ಸ್ಥಳವನ್ನೂ, ಬಣ್ಣ ದಿಕ್ಕನ್ನೂ ಹೇಳುತ್ತದೆ. ಕೆಳಗೆ ತಾರೀಕುಗಳ ಸಮೇತ ಚಳಿಯ ರೇಖೆ. ಇಷ್ಟನ್ನೂ ಒಂದೇ ಹಾಳೆಯಲ್ಲಿ ಗೋಜಲಾಗದಂತೆ ಕೂರಿಸಿದ್ದನ್ನು ಅಮೆರಿಕದ ಎಡ್ವರ್ಡ್ ಟಫ್ಟಿ 1983ರ ತಮ್ಮ ಪುಸ್ತಕದಲ್ಲಿ ಬಾಯ್ತುಂಬ ಹೊಗಳಿದ್ದಾರೆ. ಹೊಗಳಿಕೆ ನ್ಯಾಯವಾದದ್ದೇ.

ನಮ್ಮ ತಕರಾರು ಆ ಚಳಿಯ ರೇಖೆಯ ಬಗ್ಗೆ. ಅದು ಇರುವುದು ವಾಪಸಾತಿಗೆ ಮಾತ್ರ. ಕಪ್ಪು ಪಟ್ಟಿ ಸವೆಯುತ್ತ ಬರುತ್ತದೆ. ಕೆಳಗೆ ಡಿಸೆಂಬರ್ 6ರಂದು ರಿಯೋಮರ್ ಮಾಪಕದಲ್ಲಿ ಮೈನಸ್ 30 ಡಿಗ್ರಿ, ನಮ್ಮ ಸೆಲ್ಸಿಯಸ್ ಲೆಕ್ಕಕ್ಕೆ ಮೈನಸ್ 37.5. ಕಣ್ಣು ಎರಡನ್ನೂ ಗಂಟುಹಾಕಿ, ಚಳಿಯೇ ಸೇನೆಯನ್ನು ತಿಂದಿತು ಎಂದು ತೀರ್ಪು ಕೊಟ್ಟುಬಿಡುತ್ತದೆ. ಬೆರೆಜಿನಾ ನದಿ ದಾಟುವಾಗ 50,000 ಇದ್ದವರು 28,000 ಆದದ್ದರಲ್ಲಿ ಸೇತುವೆಯ ನೂಕುನುಗ್ಗಲಿನದೂ ಫಿರಂಗಿಯದೂ ಪಾಲಿದೆ. ಅದಕ್ಕಿಂತ ಮುಖ್ಯವಾಗಿ, ಅದೇ ಹಾಳೆಯ ಕಂದು ಪಟ್ಟಿ ಬೇರೆಯೇ ಸಾಕ್ಷಿ ನುಡಿಯುತ್ತಿದೆ. ಕವಲೊಡೆದು ಹೋದ ತುಕಡಿಗಳನ್ನು ಕಳೆದರೂ, ಎರಡು ಲಕ್ಷಕ್ಕೂ ಹೆಚ್ಚು ಮಂದಿ ಮಾಸ್ಕೋ ಸೇರುವ ಮೊದಲೇ ಪಟ್ಟಿಯಿಂದ ಕಾಣೆಯಾಗಿದ್ದಾರೆ. ಬಿಸಿಲು, ಹಸಿವು, ಟೈಫಸ್ ಜ್ವರ, ಕಾಳಗ, ಪಲಾಯನ. ಜುಲೈ ತಿಂಗಳ ಬೇಗೆಗೆ ಅಲ್ಲಿ ರೇಖೆಯಿಲ್ಲ.

ಎರಡು ಸಂಗತಿಗಳನ್ನು ಒಂದೇ ನಕ್ಷೆಯಲ್ಲಿ ಕೂರಿಸುವವರು, ಬಾಯಿ ಬಿಡದೆಯೇ ಕಾರಣವನ್ನೂ ಹೇಳಿಬಿಡುತ್ತಾರೆ. ಜಿಲ್ಲೆಗಳ ನಕ್ಷೆಯಲ್ಲಿ ಮುಸ್ಲಿಮರ ಪ್ರಮಾಣಕ್ಕೊಂದು ಬಣ್ಣ, ಅನಕ್ಷರತೆಗೊಂದು ಗೆರೆ ಹಾಕಿದರೆ ಸಾಕು, ಉಳಿದ ಮಾತನ್ನು ನೋಡುವವನೇ ಆಡಿಕೊಳ್ಳುತ್ತಾನೆ. ಶಾಲೆ ಎಷ್ಟು ದೂರ, ಮನೆಯ ದುಡಿಮೆ ಎಷ್ಟು ಎಂಬುದನ್ನು ಬಿಟ್ಟದ್ದು ಕಣ್ಣಿಗೆ ಬೀಳುವುದಿಲ್ಲ.

ಮಿನಾರ್ ಅಂಥ ಕುಟಿಲರಲ್ಲ. ನೆಪೋಲಿಯನ್ನನ ತಮ್ಮ ಜೆರೋಮ್ ಮತ್ತು ಸೇನಾನಿ ದಾವು ಅವರ ಪಡೆಗಳು ಬೇರೆ ದಾರಿ ಹಿಡಿದು ಆಮೇಲೆ ಕೂಡಿಕೊಂಡರೂ, ಜೊತೆಗೇ ನಡೆದವೆಂದು ಭಾವಿಸಿ ಎಳೆದಿರುವುದಾಗಿ ನಕ್ಷೆಯ ಮೇಲೇ ಬರೆದಿದ್ದಾರೆ. ಶೀರ್ಷಿಕೆಯಲ್ಲಿ ಚಕ್ರವರ್ತಿಯ ಹೆಸರಿಲ್ಲ. ಫ್ರೆಂಚ್ ಸೇನೆ ಕಳೆದುಕೊಂಡ ಜನರ ಮಾತಷ್ಟೇ ಇದೆ. ರಷ್ಯದ ಸೈನಿಕನಿಗೆ, ಆ ಸೇನೆ ಹೋಗುವಾಗಲೂ ಬರುವಾಗಲೂ ಸುಲಿದ ಹಳ್ಳಿಯ ರೈತನಿಗೆ ಆ ಹಾಳೆಯಲ್ಲಿ ಒಂದು ಮಿಲಿಮೀಟರೂ ಸಿಕ್ಕಿಲ್ಲ.