ಬರೆದದ್ದಕ್ಕೊಂದು ನೆಲೆ

ಟಿಪ್ಪಣಿ ಬರೆದಿಡುವ ಅಭ್ಯಾಸವೇ ನಮ್ಮ ಜನರಲ್ಲಿ ಇಲ್ಲವೆಂದು ಖೇದಪಡುವವರನ್ನು ಅಲ್ಲಲ್ಲಿ ಕಾಣುತ್ತೇವಾದರೂ, ಆ ಆಕ್ಷೇಪವನ್ನು ನಾನು ಒಪ್ಪಲಾರೆ. ಹುಕ್ಕೇರಿ ಸೀಮೆಯ ದಡ್ಡಿ ಎಂಬ ಊರಿನಿಂದ ಮೊದಲುಮಾಡಿ ಘಟಪ್ರಭೆಯ ಗುಂಟ ಗೋಕಾಕ, ಮೂಡಲಗಿಗಳವರೆಗೆ ಯಾವ ಮನೆಯ ಮಾಡವನ್ನು ತಡವಿ ನೋಡಿದರೂ, ಕಬ್ಬಿನ ಬಾಕಿಯ ಲೆಕ್ಕ, ಭಜನೆಯ ಪದ, ದನದ ಬೇನೆಗೆ ಯಾರೋ ಹೇಳಿದ ಮದ್ದು, ಬಾವಿ ತೋಡಿಸಿದ ವರ್ಷದ ಖರ್ಚು, ಇವೆಲ್ಲ ಒಂದರ ಬೆನ್ನಿಗೊಂದು ಬರೆದಿರುವ ವಹಿಯೊಂದು ದೊರೆಯದೆ ಇರದು. ಇಂದು ಆ ವಹಿಯ ಅರ್ಧಭಾಗ ಮೊಬೈಲಿಗೆ ಸ್ಥಳಾಂತರ ಹೊಂದಿದೆ. ವಾಟ್ಸಾಪಿನಲ್ಲಿ ತನಗೆ ತಾನೇ ಕಳುಹಿಸಿಕೊಂಡ ಸಂದೇಶ, ಪುಸ್ತಕದ ಪುಟದ ಫೋಟೋ, ನಡುವೆ ನಿಂತ ಲೇಖನದ ಮೊದಲ ಕಂಡಿಕೆ, ಎಲ್ಲವೂ ಅಲ್ಲಿವೆ. ಬೇಕಾದ ಹೊತ್ತಿಗೆ ಮಾತ್ರ ಒಂದೂ ಕೈಗೆ ಸಿಕ್ಕುವುದಿಲ್ಲ.

ಈ ವ್ಯಾಧಿಗೆ ನಾನು ಬಲ್ಲ ಉತ್ತಮ ಚಿಕಿತ್ಸೆಯೆಂದರೆ ಸ್ವಂತದ್ದೊಂದು ಜಾಲತಾಣ. ತನ್ನ ಅಭಿಪ್ರಾಯಗಳನ್ನು ಲೋಕಕ್ಕೆ ಸಾರುವ ವೇದಿಕೆಯೆಂದು ಅದನ್ನು ಭಾವಿಸುವವರೇ ಬಹಳ. ಅದರ ರುಚಿಯನ್ನರಿತವನಾದರೋ ಅದನ್ನು ಮೊದಲು ತನಗಾಗಿಯೇ ಕಟ್ಟಿಕೊಳ್ಳುತ್ತಾನೆ. ಹಗಲೆಲ್ಲ ಹೊಲದಿಂದ ಹೊಲಕ್ಕೆ ಮೇಯ್ದ ಕುರಿಗಳನ್ನು ಇಳಿಹೊತ್ತಿಗೆ ದಡ್ಡಿಗೆ ಹೊಡೆದು ಎಣಿಸಿಕೊಳ್ಳುವಂತೆ, ಚದುರಿದ ಟಿಪ್ಪಣಿಗಳನ್ನು ಒಂದೆಡೆ ಕೂಡಿಸಿ, ಯಾವುದು ಪೂರ್ಣವಾಗಿದೆ, ಯಾವುದು ಹಿಂದುಳಿದಿದೆ ಎಂದು ನೋಡಿಕೊಳ್ಳುವುದಕ್ಕೆ ಅದೊಂದು ಆವರಣ.

ಹೀಗೆ ಕೂಡಿಸಿ ವಿಂಗಡಿಸುವುದಕ್ಕೆ ನಿದರ್ಶನವನ್ನು ದೂರ ಅರಸಬೇಕಾಗಿಲ್ಲ. ವೃತ್ತಿಯಿಂದ ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು, ಮಠಗಳಲ್ಲಿಯೂ ಗೃಹಸ್ಥರ ಮನೆಗಳಲ್ಲಿಯೂ ಪೂಜೆಗೊಳ್ಳುತ್ತ ಓದಿನಿಂದ ದೂರವಾಗಿದ್ದ ವಚನಗಳ ತಾಡವೋಲೆಯ ಕಟ್ಟುಗಳನ್ನು ವರ್ಷಾನುಗಟ್ಟಲೆ ಹುಡುಕಿ ತಂದು ನಕಲು ಮಾಡಿದರು. ಅಷ್ಟಕ್ಕೇ ತೃಪ್ತರಾಗದೆ, ಆ ವಚನರಾಶಿಯನ್ನು ವಿಷಯಾನುಸಾರವಾಗಿ ವಿಂಗಡಿಸಿ ‘ವಚನಶಾಸ್ತ್ರಸಾರ’ವನ್ನು ಸಿದ್ಧಪಡಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಆ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. 1923ರಲ್ಲಿ ನಮ್ಮ ಬೆಳಗಾವಿಯಲ್ಲಿ ಅದು ಮುದ್ರಣಗೊಂಡಿತು. ಆಮೇಲೆ ಅವರು ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಸುಮಾರು 20,000 ವಚನಗಳಲ್ಲಿ ಯಾವ ಪದ ಎಲ್ಲಿ ಬಂದಿದೆಯೆಂದು ಕ್ಷಣಾರ್ಧದಲ್ಲಿ ತೋರಿಸುವ ಇಂದಿನ ‘ವಚನ ಸಂಚಯ’ ಜಾಲತಾಣವು ಆ ಪರಿಶ್ರಮದ ಮುಂದಣ ಹೆಜ್ಜೆ. ಸಂಗ್ರಹ, ವಿಂಗಡಣೆ, ಸ್ವಂತ ಅಚ್ಚುಕೂಟ: ಈ ಮೂರೂ ಕೂಡಿದಲ್ಲದೆ ಟಿಪ್ಪಣಿಗೆ ನೆಲೆಯಿಲ್ಲ.

ಹಳಕಟ್ಟಿಯವರು ಮನೆ ಮಾರಿ ಪಡೆದ ಅಚ್ಚುಕೂಟದ ಸ್ವಾತಂತ್ರ್ಯವು ಇಂದಿನವನಿಗೆ ಬಹುಮಟ್ಟಿಗೆ ಬಿಟ್ಟಿಯಾಗಿಯೇ ಒದಗಿ ಬರುತ್ತದೆ. ಪ್ರತಿಯೊಂದು ಟಿಪ್ಪಣಿಯನ್ನೂ ಸರಳ ಪಠ್ಯದ ಕಡತವಾಗಿ ಬರೆದು, ಶೀರ್ಷಿಕೆ, ಪಟ್ಟಿ, ಕೊಂಡಿಗಳನ್ನು ಮಾರ್ಕ್‌ಡೌನ್ ಎಂಬ, 2004ರಲ್ಲಿ ಬಳಕೆಗೆ ಬಂದ, ಅರ್ಧ ದಿನದಲ್ಲಿ ಕಲಿಯಬಹುದಾದ ಕೆಲವೇ ಗುರುತುಗಳಿಂದ ಸೂಚಿಸಿದರೆ, ಜೆಕಿಲ್, ಹ್ಯೂಗೋ ಮೊದಲಾದ ಉಚಿತ ತಂತ್ರಾಂಶಗಳು ಆ ಕಡತಗಳನ್ನೆಲ್ಲ ಪುಟಗಳನ್ನಾಗಿ ಮಾರ್ಪಡಿಸುತ್ತವೆ. ಗಿಟ್‌ಹಬ್ ಪೇಜಸ್‌ನಂಥ ಸೇವೆಗಳು ಅವನ್ನು ಹಣ ಪಡೆಯದೆ ಜಾಲದಲ್ಲಿ ಇರಿಸುತ್ತವೆ. ತನ್ನದೇ ಹೆಸರಿನ ವಿಳಾಸ ಬೇಕೆನ್ನುವವನು ವರ್ಷಕ್ಕೊಮ್ಮೆ ಶುಲ್ಕ ತೆತ್ತರಾಯಿತು. ದಿನದಿನದ ತಿದ್ದುಪಡಿಗಳನ್ನು ಗಿಟ್ ಎಂಬ ಸಾಧನ ನೆನಪಿಟ್ಟುಕೊಳ್ಳುವುದರಿಂದ, ಹೋದ ವರ್ಷ ಅಳಿಸಿದ ವಾಕ್ಯವನ್ನೂ ಈ ವರ್ಷ ಮರಳಿ ಪಡೆಯಬಹುದು. ಎಲ್ಲಕ್ಕಿಂತ ಮುಖ್ಯವಾದುದು ಒಡೆತನ: ಮೂಲ ಕಡತಗಳು ನಮ್ಮ ಕಂಪ್ಯೂಟರಿನಲ್ಲಿಯೇ ಉಳಿಯುವ ಕಾರಣ, ಒಂದು ಸೇವೆ ಬಾಗಿಲು ಮುಚ್ಚಿದರೆ ಮತ್ತೊಂದನ್ನು ಆಶ್ರಯಿಸಬಹುದು.

ವಿಂಗಡಣೆಯೇ ಈ ವಿದ್ಯೆಯ ಹೃದಯ. ಈ ಸೀಮೆಯ ಜಾನಪದ ಆಟವಾದ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಅಪರಾಳ ತಮ್ಮಣ್ಣನ ಕೃತಿ ಕುಲಗೋಡ ತಮ್ಮಣ್ಣನ ಕೈಯಲ್ಲಿ ಆಟವಾಗಿ ಬೆಳೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ನಾಡಿನಲ್ಲೆಲ್ಲ ಕೀರ್ತಿ ಪಡೆಯಿತು. ಇದನ್ನು ಕುರಿತು ಟಿಪ್ಪಣಿ ಮಾಡಹೊರಟವನು ‘ಪಾರಿಜಾತ’ವೆಂದು ಒಂದೇ ದೊಡ್ಡ ಕಡತವನ್ನು ತೆರೆದನೆಂದರೆ, ಆರು ತಿಂಗಳಲ್ಲಿ ಅದು ಅವನಿಗೇ ಅಭೇದ್ಯವಾಗುವುದು ನಿಶ್ಚಯ. ಅದರ ಬದಲು ಒಂದು ಪದಕ್ಕೊಂದು ಪುಟ, ಒಬ್ಬ ಕಲಾವಿದರಿಗೊಂದು ಪುಟ, ಒಂದು ಊರಿಗೊಂದು ಪುಟ. ಪ್ರತಿ ಪುಟದ ತಲೆಯ ಮೇಲೆ ಕೇಳಿದ ದಿನ, ಸ್ಥಳ, ಹಾಡಿದವರು ಯಾರೆಂಬುದು. ಒಂದರಿಂದ ಇನ್ನೊಂದಕ್ಕೆ ಕೊಂಡಿ. ಹೀಗೆ ಮಾಡಿದರೆ, ಒಂದೇ ಪದವನ್ನು ಎರಡು ಮೇಳಗಳು ಭಿನ್ನವಾಗಿ ಹಾಡುತ್ತವೆಂಬ ಸಂಗತಿ ಪುಟಗಳ ನಡುವಿನಿಂದ ತಾನಾಗಿಯೇ ಎದ್ದು ಕಾಣುತ್ತದೆ. ಗೋಕಾಕ ತಾಲ್ಲೂಕಿನವರೇ ಆದ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ಹಾಡುಗಳನ್ನು ಕಾಗದಕ್ಕಿಳಿಸಿದ ಕಾಲದಲ್ಲಿ ಹಾಡುವವರ ಕಂಠವನ್ನೂ ಜೊತೆಗಿಡುವ ಅನುಕೂಲವಿರಲಿಲ್ಲ. ನಮಗೆ ಅದೂ ಇದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಬರೆದು, ಒಂದೊಂದಕ್ಕೂ ಸ್ಥಿರವಾದ ಸಂಖ್ಯೆಯನ್ನಿತ್ತು, ಚೀಟಿಯಿಂದ ಚೀಟಿಗೆ ಸಂಬಂಧ ಕಲ್ಪಿಸಿ, ಅದರ ಆಧಾರದಿಂದ ಹತ್ತಾರು ಗ್ರಂಥಗಳನ್ನು ರಚಿಸಿದ್ದು ಇದೇ ಕ್ರಮದಿಂದ.

ಕನ್ನಡದಲ್ಲಿ ಬರೆಯುವವನಿಗೆ ಇನ್ನೊಂದು ಎಚ್ಚರ ಅವಶ್ಯ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತಗಳು ಆ ಫಾಂಟಿಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಯಾವ ಶೋಧಯಂತ್ರಕ್ಕೂ ಅವು ಕನ್ನಡವಾಗಿ ತಿಳಿಯವು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳುಂಟು; ಆದರೆ ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನಪಲ್ಲಟ ಹೊಂದುವ ಸಂಭವವಿರುವುದರಿಂದ, ಮೂಲದೊಡನೆ ಒಮ್ಮೆ ಹೋಲಿಸಿ ಓದದೆ ಪ್ರಕಟಿಸತಕ್ಕದ್ದಲ್ಲ. ಹೊಸದಾಗಿ ಬರೆಯುವುದನ್ನಂತೂ ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆಯುವುದು ಲೇಸು.

ಆರಂಭಿಸುವವರಲ್ಲಿ ನಾನು ಕಾಣುವ ದೋಷ ಅಲಂಕಾರಪ್ರಿಯತೆ. ಬಣ್ಣ, ಅಕ್ಷರ, ಮುಖಪುಟದ ಚಿತ್ರಗಳನ್ನು ಬದಲಿಸುವುದರಲ್ಲಿಯೇ ಉತ್ಸಾಹವೆಲ್ಲ ವ್ಯಯವಾಗಿ, ಒಳಗೆ ಓದಲು ಒಂದು ಪುಟವೂ ಇರದ ಜಾಲತಾಣಗಳು ಎಷ್ಟೋ. ಹತ್ತು ಟಿಪ್ಪಣಿ ಬರೆದ ಮೇಲೆ ಅವುಗಳ ವಿಂಗಡಣೆ ಹೇಗಿರಬೇಕೆಂಬುದನ್ನು ಆ ಟಿಪ್ಪಣಿಗಳೇ ಹೇಳುತ್ತವೆ. ಅಪೂರ್ಣವಾದುದನ್ನು ಅಪೂರ್ಣವೆಂದು ಗುರುತಿಸಿ ಇಡಿ. ಅನ್ಯರ ಖಾಸಗಿ ಸಂಗತಿಯನ್ನು ಹೊರಗಿಡಿ. ಒಮ್ಮೆ ಕೊಟ್ಟ ಪುಟದ ವಿಳಾಸವನ್ನು ಬದಲಿಸಬೇಡಿ. ಇಷ್ಟಾದ ಮೇಲೆ ಬಣ್ಣದ ಮಾತು. ಮಾಡದಲ್ಲಿರುವ ಆ ವಹಿಯಿಂದ ಈ ವಾರ ಒಂದು ಪುಟವನ್ನಾದರೂ ಕಡತಕ್ಕಿಳಿಸಿರಿ. ಪಾರಿಜಾತದ ಪದವೊಂದು ಅದರಲ್ಲಿದ್ದರೆ, ಹಾಡಿದವರ ಊರನ್ನು ಬರೆಯಲು ಮರೆಯದಿರಿ.